ಒಳಕೋಣೆಯ ಬಾಗಿಲ ಹಿಂದೆ

ಜುಲೈ 14, ಸೋಮವಾರ
ಹಾಸ್ಟೆಲ್ ಆಫೀಸು, ಬೆಳಿಗ್ಗೆ

ನನ್ನ ಪುಟ್ಟಿಗೆ,

ಅಮ್ಮನಿಂದ ಪ್ರೀತಿ, ಒಂದು ಮುತ್ತು, ಜೊತೆಗೆ ಇಷ್ಟು ತಡ ಮಾಡಿದ್ದಕ್ಕೆ ಕ್ಷಮೆ. ನಿನ್ನ ಕಾಗದ ಹೋದ ಸೋಮವಾರವೇ ಕೈಸೇರಿತು. ಅಂದೇ ಉತ್ತರ ಬರೆಯೋಣ ಅಂತ ಕೂತೆ, ಎರಡನೇ ಮಹಡಿಯಲ್ಲಿ ನಲ್ಲಿ ಕಿತ್ತುಬಂತು. ಮರುದಿನ ಕೂತೆ, ಪ್ರಿನ್ಸಿಪಾಲರು ಹೇಳಿಕಳಿಸಿದರು. ಬುಧವಾರ ಪೆನ್ನೇ ಇರಲಿಲ್ಲ. ಸಹಿ ಮಾಡೋಕೆ ತಗೊಂಡ ಯಾವಳೋ ಅದನ್ನು ಜಡೆಗೆ ಸಿಕ್ಕಿಸಿಕೊಂಡು ಕ್ಲಾಸಿಗೆ ಹೋಗಿದ್ದಳು. ಇದೆಲ್ಲ ನೆಪ ಅಂತ ನೀನು ಮೂಗು ಮುರಿದರೆ ನಾನು ಬೈಯುವುದಿಲ್ಲ. ಅರ್ಧ ನೆಪವೇ.

ಫೋನಿನಲ್ಲಿ ಮಾತಾಡಿದರೆ ಏಳು ಜನ ಕಿವಿ ಕೊಟ್ಟು ಕೇಳುತ್ತಾರೆ, ಅದಕ್ಕೇ ಕಾಗದ ಅಂತ ಬರೆದಿದ್ದೀಯ. ನನ್ನ ಪಾಡೂ ಅದೇ ಕಣೇ. ಈ ಆಫೀಸಿನಲ್ಲಿ ನಾನು ಫೋನು ಎತ್ತಿದರೆ ಬಾಗಿಲಲ್ಲಿ ಐದು ಮುಖ. ಇದನ್ನು ಬರೆಯುವಾಗಲೂ ಒಬ್ಬಳು ನನ್ನ ಮೇಜಿಗೆ ಒರಗಿಕೊಂಡು ನಿಂತಿದ್ದಾಳೆ. ಬಕೆಟ್ ಕಳೆದಿದೆಯಂತೆ. ಹಸಿರು ಬಕೆಟ್. ಇಲ್ಲಿ ಎಂಬತ್ತು ಹಸಿರು ಬಕೆಟ್ ಇವೆ ಅಂದೆ. "ನಂದು ಗೊತ್ತಾಗುತ್ತೆ ಮೇಡಂ, ಅದನ್ನ ನೋಡಿದ್ರೆ ನಮ್ಮನೆ ಥರ ಇರುತ್ತೆ" ಅಂದಳು. ತಾಳು, ಹುಡುಕಿ ಬರುತ್ತೇನೆ.

ಹುಡುಕಿ ಕೊಟ್ಟು ಬಂದೆ. ಎಲ್ಲಿದ್ದೆ? ಹಾಂ, ನಿನ್ನ ಕೋಣೆ. ನಾಲ್ಕು ಮಂದಿಯ ಕೋಣೆಗೆ ಎಂಟು ಮಂದಿಯಂತೆ. ನಿನ್ನ ಮಂಚವನ್ನು ಕಪಾಟಿಗೆ ಅಡ್ಡಲಾಗಿ ಹಾಕಿದ್ದಾರಂತೆ. ಯಾರಿಗೆ ಕರವಸ್ತ್ರ ಬೇಕಾದರೂ ನೀನು ಎದ್ದು ಮಂಚ ಎಳೆಯಬೇಕು. "ಬೆಳಿಗ್ಗೆ ಆರರಿಂದ ಎಂಟರವರೆಗೆ ನಾನು ಹುಡುಗಿ ಅಲ್ಲ ಅಮ್ಮ, ಕಪಾಟಿನ ಬಾಗಿಲು" ಅಂತ ಬರೆದಿದ್ದೀಯಲ್ಲ, ಓದಿ ನಕ್ಕೆ, ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಹೋಗಿ ದೂರಿದರೆ ನಿಮ್ಮ ವಾರ್ಡನ್ "ನೀನು ವಾರ್ಡನ್ ಮಗಳಲ್ವಾ, ನಿನಗೆ ಇದೆಲ್ಲ ಅಭ್ಯಾಸ ಇರಬೇಕಲ್ಲ" ಅಂದರಂತೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ಅದೇ ನನ್ನನ್ನು ಕೊರೆಯುತ್ತಿರುವುದು.

ಕೊನೆಯ ಮೂರು ಸಾಲು: "ಎರಡು ದಿನ ಮನೆಗೆ ಬಂದು, ಒಳಕೋಣೆಯ ಬಾಗಿಲು ಹಾಕಿಕೊಂಡು ಮಲಗಬೇಕು. ನನ್ನ ಕೋಣೆ ಖಾಲಿ ಇದೆಯಾ? ಇಲ್ಲದಿದ್ದರೆ ನಿಜ ಹೇಳಿಬಿಡು, ನಾನು ರಜೆಗೂ ಬರೋದಿಲ್ಲ." ಇದನ್ನು ಎಷ್ಟು ಸಲ ಬಿಡಿಸಿ ಓದಿದ್ದೇನೆಂದರೆ ಕಾಗದ ಮಡಿಕೆಯಲ್ಲಿ ಹರಿದಿದೆ. ಅದಕ್ಕೆ ಉತ್ತರ ಹೇಳುತ್ತೇನೆ. ಹೇಳಲೇಬೇಕು. ಮೊದಲು ಇಲ್ಲಿಯ ಸುದ್ದಿ ಕೇಳು.

ಈ ಸಲ ಕಾಲೇಜಿನವರು ಸೀಟು ಏರಿಸಿದರು, ಮಂಚ ಏರಿಸಲಿಲ್ಲ. ತೊಂಬತ್ತಾರು ಮಂಚಕ್ಕೆ ನೂರೈವತ್ತೊಂದು ಹುಡುಗಿಯರು. ಹೊಸ ಕಟ್ಟಡದ ಮೂರನೇ ಮಹಡಿಗೆ ಇನ್ನೂ ಕಿಟಕಿಯೇ ಕೂತಿಲ್ಲ. "ಮಕ್ಕಳು ಹೊಂದ್ಕೋತಾರೆ ಬಿಡಿ ಮೇಡಂ, ಎರಡು ವಾರದ ಮಾತು" ಅಂದರು ಪ್ರಿನ್ಸಿಪಾಲರು. ಆ ಎರಡು ವಾರ ನಿನ್ನೆ ಮೊನ್ನೆಯೇ ಮುಗಿಯಿತು. ಎಳ್ಳು ಹಾಕಿದರೆ ನೆಲಕ್ಕೆ ಬೀಳುವುದಿಲ್ಲ, ಅಷ್ಟು ಜನ. ಓದುವ ಕೋಣೆಯಲ್ಲಿ ಹದಿನಾಲ್ಕು ಹಾಸಿಗೆ. ಆಟದ ಕೋಣೆಯ ಟೇಬಲ್ ಟೆನಿಸ್ ಮೇಜಿನ ಮೇಲೆ ಇಬ್ಬರು ಮಲಗುತ್ತಾರೆ, ನಡುವಿನ ಬಲೆ ಬಿಚ್ಚಿಲ್ಲ, ಅದು ಗಡಿಯಂತೆ. ಬಡಗಿ ದಿನವಿಡೀ ಹಳೆ ಮಂಚಗಳಿಗೆ ಮೇಲೊಂದು ಅಂತಸ್ತು ಕೂರಿಸುತ್ತಿದ್ದಾನೆ. ಟಕಟಕ ಟಕಟಕ, ನನ್ನ ತಲೆಯೊಳಗೇ ಮೊಳೆ ಹೊಡೆದ ಹಾಗೆ. ಕೂತರೆ ನಿಲ್ಲಬೇಕು, ನಿಂತರೆ ಓಡಬೇಕು ಅನ್ನಿಸುತ್ತೆ. ಅನ್ನಕ್ಕೆ ಕೂತವಳು ತುತ್ತು ಕೈಯಲ್ಲಿ ಹಿಡಿದೇ ಎದ್ದು ಹೋಗಿರುತ್ತೇನೆ.

ಮತ್ತೆ ಯಾರೋ ಕರೆಯುತ್ತಿದ್ದಾರೆ. ಬಂದೆ.

ಮಂಗಳವಾರ, ಮಧ್ಯಾಹ್ನ

ನಿನ್ನೆ ಬಂದೆ ಅಂತ ಹೋದವಳು ಈಗ ಬಂದೆ. ನಗಬೇಡ.

ಮೊದಲು ಬುದ್ಧಿವಾದ, ಹನ್ನೆರಡು ವರ್ಷದ ಅನುಭವದ್ದು, ಬೇಡವೆಂದರೂ ತಗೋ. ಕಪಾಟಿನ ಹತ್ತಿರದ ಮಂಚ ಬಿಟ್ಟುಬಿಡು. ಮೇಲಿನ ಮಂಚ ಯಾವಾಗ ಖಾಲಿಯಾದರೂ ಹಾರಿ ಹಿಡಿ, ಮೇಲೆ ಮಲಗಿದವಳನ್ನು ಯಾರೂ ಆಚೆ ಸರಿ ಅನ್ನುವುದಿಲ್ಲ. ಎಲ್ಲರಿಗಿಂತ ಇಪ್ಪತ್ತು ನಿಮಿಷ ಮೊದಲು ಏಳು, ಸ್ನಾನದ ಮನೆ ನಿನ್ನದೇ. ಸೋಪಿನ ಡಬ್ಬಿ ಮಾತ್ರ ಅಕ್ಕತಂಗಿಯರಿಗೂ ಕೊಡಬೇಡ. ಜೋರಾಗಿ ಓದುವವಳ ಜೊತೆ ಜಗಳ ಆಡಬೇಡ, ಅವಳ ಪಕ್ಕ ಕೂತು ನೀನೂ ಜೋರಾಗಿ ಓದು, ಮೂರು ದಿನದಲ್ಲಿ ದಾರಿಗೆ ಬರುತ್ತಾಳೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಹಾಸ್ಟೆಲ್ ನೋಡಿಯೇ ಇರಬೇಕು.

ಇಷ್ಟು ಬರೆದು ಓದಿ ನೋಡಿದೆ. ಇದನ್ನೇ ನೋಟಿಸ್ ಬೋರ್ಡಿಗೂ ಹಾಕಬಹುದು. ಮಗಳಿಗೆ ಬರೆದಂತಿಲ್ಲ.

ಹೊರಡುವ ದಿನ ಗೇಟಿನ ತನಕ ಬಂದವಳು ಏನೋ ಮರೆತೆ ಅಂತ ಒಳಗೆ ಓಡಿದೆಯಲ್ಲ, ಸಿಕ್ಕಿತಾ ಅದು? ಕಾವಲು ತಾತ ನಿನ್ನ ಚೀಲ ಹಿಡಿದುಕೊಂಡು ನಿಂತಿದ್ದ, ನಾನು ಬಸ್ಸು ತಪ್ಪುತ್ತೆ ಅಂತ ಕೂಗಾಡುತ್ತಿದ್ದೆ. ತಾತ ದಿನಾ ಕೇಳುತ್ತಾನೆ, "ಮರಿವಾರ್ಡನ್ ಯಾವಾಗ ಬರ್ತಾಳೆ ಅಮ್ಮಾವ್ರೇ?" ಅಂತ. ಹೋದ ಬ್ಯಾಚಿನ ಹುಡುಗಿಯರು ಇಟ್ಟ ಹೆಸರನ್ನು ಅವನಿನ್ನೂ ಬಿಟ್ಟಿಲ್ಲ. ಬರ್ತಾಳೆ ಅಂತೀನಿ.

ಇವತ್ತು ಬೆಳಿಗ್ಗೆ ಮಂಚದ ಹಲಗೆ ಒರೆಸುತ್ತಿದ್ದೆ. ಅದೇ, ನನ್ನ ಕುರ್ಚಿಯ ಹಿಂದಿನ ಗೋಡೆಯದು. ಮಂಚಕ್ಕೊಂದು ಮೊಳೆ, ಹುಡುಗಿಗೊಂದು ತಗಡಿನ ಬಿಲ್ಲೆ. ಮಂಚ ಕೊಟ್ಟಾಗ ಬಿಲ್ಲೆ ತೂಗುಹಾಕಬೇಕು, ಬಿಟ್ಟಾಗ ತೆಗೆಯಬೇಕು. ಎಲ್ಲಿ ಜಾಗ ಖಾಲಿ ಇದೆ ಅಂತ ಒಂದೇ ನೋಟಕ್ಕೆ ತಿಳಿಯುತ್ತೆ. ಈ ಕೆಲಸಕ್ಕೆ ಸೇರಿದಾಗಿನಿಂದ ನನಗೊಂದು ರೋಗ: ಖಾಲಿ ಮೊಳೆ ಕಂಡರೆ ಕೈ ತುರಿಸುತ್ತೆ. ನಿನ್ನಪ್ಪ ತೀರಿಹೋದ ವರ್ಷ ನಾವಿಬ್ಬರೂ ಈ ಎರಡು ಕೋಣೆಗೆ ಬಂದೆವು, ನಿನಗಾಗ ಆರು. ಆ ವರ್ಷವೂ ಮಂಚ ಸಾಲಲಿಲ್ಲ. ನಮ್ಮ ಒಳಕೋಣೆಗೆ ಅಂತ ಹಲಗೆಯ ಮೂಲೆಯಲ್ಲಿ ನಾನೇ ಮೂರು ಮೊಳೆ ಹೊಡೆದೆ. ನೀನು ರಟ್ಟು ದುಂಡಗೆ ಕತ್ತರಿಸಿ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಎರಡು ಜಡೆಯ ಮುಖ ಬರೆದು, ಸ್ಟೂಲು ಹತ್ತಿ ಅಲ್ಲೊಂದು ಮೊಳೆಗೆ ನೇತುಹಾಕಿದ್ದೆ. ನೆನಪಿದೆಯಾ? "ನೀನು ಮನೆಯವಳು ಕಣೇ, ನಿನಗ್ಯಾಕೆ ಬಿಲ್ಲೆ" ಅಂತ ನಾನು ತೆಗೆದು ಡ್ರಾಯರಿಗೆ ಹಾಕಿದೆ. ಈ ಕಥೆಯನ್ನು ಎಷ್ಟು ಜನರಿಗೆ ಹೇಳಿ ನಗಿಸಿದ್ದೇನೋ.

ನಮ್ಮಲ್ಲೊಬ್ಬಳು ಹೊಸ ಹುಡುಗಿ ಇದ್ದಾಳೆ. ಎಲ್ಲರೂ ಅವಳನ್ನು ಪೆಟ್ಟಿಗೆ ಅಂತಲೇ ಕರೆಯುತ್ತಾರೆ. ಬಂದು ಹದಿನೇಳು ದಿನವಾಯಿತು, ಪೆಟ್ಟಿಗೆ ಬಿಚ್ಚಿಲ್ಲ. ಬೇಕಾದ್ದನ್ನು ಮುಚ್ಚಳ ಸ್ವಲ್ಪವೇ ಎತ್ತಿ, ಕೈ ತೂರಿಸಿ ತೆಗೆಯುತ್ತಾಳೆ, ಮತ್ತೆ ಮುಚ್ಚುತ್ತಾಳೆ. ಕ್ಲಾಸು ಮುಗಿದ ಮೇಲೆ ಪೆಟ್ಟಿಗೆಯನ್ನು ಮೆಟ್ಟಿಲ ತಿರುವಿಗೆ ಎಳೆದುಕೊಂಡು ಬಂದು ಅದರ ಮೇಲೆ ಕೂತು ಓದುತ್ತಾಳೆ. ಹತ್ತುವವರು ಇಳಿಯುವವರು ಎಲ್ಲ ಅವಳನ್ನು ಎಡವುತ್ತಾರೆ. ನಾನು ಎರಡು ಸಲ ಮೆಲ್ಲಗೆ ಹೇಳಿದೆ, ಮೂರನೇ ಸಲ ಗದರಿದೆ. "ಒಳಕೋಣೆಯಲ್ಲಿ ಅಷ್ಟು ಒಳ್ಳೆ ಮಂಚ ಕೊಟ್ಟಿದೀನಿ, ಕಿಟಕಿ ಇದೆ, ಗಾಳಿ ಬರುತ್ತೆ, ಮೆಟ್ಟಿಲಲ್ಲಿ ಏನು ಕೆಲಸ ನಿಂಗೆ?" ಅಂತ.

ನೋಡು, ಪೆನ್ನಿನ ಬಾಯಿಂದ ಜಾರಿಯೇಬಿಟ್ಟಿತು. ಹೊಡೆದುಹಾಕೋಣ ಅನ್ನಿಸಿತು. ಬೇಡ, ಇರಲಿ. ಹೌದು ಪುಟ್ಟಿ, ಒಳಕೋಣೆಯಲ್ಲಿ ಮೂವರಿದ್ದಾರೆ. ಇದಕ್ಕೇ ಒಂದು ವಾರದಿಂದ ನಲ್ಲಿ, ಪ್ರಿನ್ಸಿಪಾಲರು, ಬಕೆಟ್ ಅಂತ ಸುತ್ತುಬಳಸುತ್ತಿದ್ದೆ.

ಇವತ್ತು ಇಷ್ಟೇ ಬರೆಯೋಕಾಗೋದು.

ಗುರುವಾರ 17, ಸಂಜೆ

ನಿನ್ನೆ ಕಾಗದ ಮುಟ್ಟಲಿಲ್ಲ. ಲಕೋಟೆಗೆ ಹಾಕಿ ಅಂಟಿಸಿದ್ದೆ, ಈಗ ಹರಿದು ಮತ್ತೆ ಬರೆಯುತ್ತಿದ್ದೇನೆ.

ಮಂಗಳವಾರ ಸಂಜೆ ಪೆಟ್ಟಿಗೆ ಹುಡುಗಿಯೇ ಆಫೀಸಿಗೆ ಬಂದಳು. ಗದರಿದ್ದಕ್ಕೆ ಅತ್ತಿದ್ದಾಳೇನೋ ಅಂದುಕೊಂಡೆ. ಇಲ್ಲ, ಕಣ್ಣು ಒಣಗಿತ್ತು.

"ಮೇಡಂ, ನನ್ನನ್ನ ಬೇರೆ ಎಲ್ಲಾದ್ರೂ ಹಾಕಿ. ಟೇಬಲ್ ಟೆನಿಸ್ ಮೇಜಾದ್ರೂ ಪರವಾಗಿಲ್ಲ."

"ಯಾಕೆ, ಆ ಇಬ್ರು ಏನಾದ್ರೂ ಅಂದ್ರಾ?"

"ಅವ್ರು ಒಳ್ಳೆಯವ್ರು. ಅದು ಯಾರದೋ ಕೋಣೆ ಮೇಡಂ. ಅವ್ರು ಬಂದ್ರೆ?"

"ಅದು ನನ್ನ ಮಗಳ ಕೋಣೆ. ಅವಳೇನೂ ಅನ್ನಲ್ಲ, ಅವಳಿಗೆ ಅಭ್ಯಾಸ" ಅಂದೆ. ಬಾಯಿಂದ ಬಂದ ಮೇಲೆ ನಿಮ್ಮ ವಾರ್ಡನ್ ನೆನಪಾದರು.

ಅವಳು ಒಳಕೋಣೆಯ ಕಡೆ ತಿರುಗಿ ನೋಡಿದಳು. ಆಮೇಲೆ, "ನೀವು ಬಾಗಿಲ ಹಿಂದೆ ನೋಡಿಲ್ವಾ ಮೇಡಂ?" ಅಂದಳು.

ಅವಳ ಜೊತೆ ಹೋದೆ. ಒಳಕೋಣೆಯ ಬಾಗಿಲು ಯಾವಾಗಲೂ ಹಾರು ಹೊಡೆದಿರುತ್ತೆ, ಗೋಡೆಗೆ ಒರಗಿಕೊಂಡು. ಆ ಗೋಡೆ ಕಾಣಬೇಕಾದರೆ ಒಳಗೆ ನಿಂತು ಬಾಗಿಲು ಹಾಕಿಕೊಳ್ಳಬೇಕು. ಹನ್ನೆರಡು ವರ್ಷದಲ್ಲಿ ನಾನು ಆ ಕೋಣೆಯೊಳಗೆ ನಿಂತು ಬಾಗಿಲು ಹಾಕಿಕೊಂಡಿದ್ದೇ ಇಲ್ಲ ಕಣೇ. ಕಸ ಗುಡಿಸಿದ್ದೇನೆ, ಹಾಸಿಗೆ ಎಣಿಸಿದ್ದೇನೆ, ದೀಪ ಆರಿಸಿ ಅಂತ ಹೊಸ್ತಿಲಲ್ಲಿ ನಿಂತು ಕೂಗಿದ್ದೇನೆ. ಹುಡುಗಿ ಬಾಗಿಲು ಹಾಕಿದಳು.

ಪೆನ್ಸಿಲಿನ ಗೀಟುಗಳು, ದಿನಕ್ಕೊಂದು. ಕೆಳಗೆ, ನನ್ನ ಸೊಂಟದ ಎತ್ತರದಲ್ಲಿ ಶುರುವಾಗಿ, ನೀನು ಎತ್ತರವಾದ ಹಾಗೆ ಮೇಲೆ ಮೇಲೆ. "ಒಂದನೇ ಕ್ಲಾಸು" ಅಂತ ಬರೆದು ಒಂಬತ್ತು ಗೀಟು. ಎರಡನೇ ಕ್ಲಾಸು, ಹದಿನಾಲ್ಕು. ಐದನೇ ಕ್ಲಾಸಿನಲ್ಲಿ ಐದೈದು ಗೀಟಿನ ಕಂತೆ ಕಟ್ಟಲು ಕಲಿತಿದ್ದೀಯ, ಮೂವತ್ತೊಂದು. ಪ್ರತಿ ವರ್ಷದ ಕೊನೆಯಲ್ಲಿ ಒಂದು ಸೊನ್ನೆ, ಅದರೊಳಗೆ ನಗುವ ಮುಖ. ಹುಡುಗಿಯರು ಕೋಣೆ ಬಿಟ್ಟು ಹೋದ ದಿನ ಅದು, ಅಲ್ಲವಾ? ಹತ್ತನೇ ಕ್ಲಾಸಿಗೆ ಅರವತ್ತೆರಡು. ಆ ವರ್ಷದಿಂದ ಮುಖಕ್ಕೆ ನಗು ಇಲ್ಲ, ಬರೀ ಸೊನ್ನೆ.

ಪ್ರತಿ ವರ್ಷವೂ ನಿನಗೆ ನಾನು ಹೇಳಿದ್ದು ಒಂದೇ ಮಾತು. "ಎರಡೇ ವಾರ ಕಣೇ ಪುಟ್ಟಿ." ನೀನು ದಿಂಬು ಎತ್ತಿಕೊಂಡು ನನ್ನ ಮಂಚಕ್ಕೆ ಬರುತ್ತಿದ್ದೆ. ಒಂದು ದಿನವೂ ಎದುರು ಮಾತಾಡಲಿಲ್ಲ. ಹೊಸಬರಿಗೆ ಸ್ನಾನದ ಮನೆ ತೋರಿಸುತ್ತಿದ್ದೆ, ಅತ್ತವರಿಗೆ ನೀರು ಕೊಡುತ್ತಿದ್ದೆ. ನನ್ನ ಮಗಳಿಗೆ ಜನ ಅಂದರೆ ಇಷ್ಟ ಅಂತ ಎಲ್ಲರ ಹತ್ತಿರ ಕೊಚ್ಚಿಕೊಂಡೆ. ಹತ್ತನೇ ಕ್ಲಾಸಿನ ಮೊದಲ ಕಿರುಪರೀಕ್ಷೆಗೆ ನೀನು ಮೆಟ್ಟಿಲ ತಿರುವಿನಲ್ಲಿ ಕೂತು ಓದಿದೆ, ಈ ಹುಡುಗಿ ಕೂರುವ ಜಾಗದಲ್ಲೇ. ಆಗ ನಾನು ನಿನ್ನನ್ನು ದಾಟಿಕೊಂಡು ಹೋಗುತ್ತಾ "ಸ್ವಲ್ಪ ಆಚೆ ಸರಿಯೇ" ಅಂದಿದ್ದು ಚೆನ್ನಾಗಿ ನೆನಪಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದು ಬೇರೆ ಯಾರಿಗೋ ಹೇಳಿದ ಗಾದೆ ಅಂದುಕೊಂಡಿದ್ದೆ.

ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ಹೇಳಬಾರದಿತ್ತಾ ನೀನು? ಒಂದು ಸಲ ಕಾಲು ಅಪ್ಪಳಿಸಿ ಅಳಬಾರದಿತ್ತಾ? ಇಲ್ಲಿ ಅಳುವವರಿಗೆಲ್ಲ ನಾನು ಏನಾದರೂ ಮಾಡಿಯೇ ಮಾಡುತ್ತೇನೆ. ಸುಮ್ಮನಿರುವವಳನ್ನು ಸರಿಯಾಗಿದ್ದಾಳೆ ಅಂತ ಬಿಟ್ಟುಬಿಡುತ್ತೇನೆ. ಆಮೇಲೆ ಅನ್ನಿಸಿತು, ಆರು ವರ್ಷದವಳು ಬೆಳ್ಳಿ ಕಾಗದದ ಬಿಲ್ಲೆ ಮಾಡಿ ಕೇಳಿದ್ದಳಲ್ಲ. ಇನ್ನು ಹೇಗೆ ಕೇಳಬೇಕಿತ್ತು?

ನಿನ್ನೆ ಪ್ರಿನ್ಸಿಪಾಲರ ಹತ್ತಿರ ಹೋಗಿ, ವಾರ್ಡನ್ ಮನೆಗೆ ಇನ್ನು ಮುಂದೆ ಹುಡುಗಿಯರನ್ನು ಹಾಕುವುದಿಲ್ಲ ಅಂದೆ. "ಹನ್ನೆರಡು ವರ್ಷ ಹಾಕಿದ್ರಲ್ಲ ಮೇಡಂ, ಈಗೇನು?" ಅಂದರು. ಅವರು ಕೇಳಿದ್ದು ಸರಿಯಾಗೇ ಇತ್ತು. ನಾನು ಮಾತ್ರ ಎದ್ದು ಬಂದೆ. ಬಡಗಿಗೆ ಗಂಟುಬಿದ್ದಿದ್ದೇನೆ, ಶನಿವಾರದೊಳಗೆ ಎರಡು ಮಂಚಕ್ಕೆ ಮೇಲಂತಸ್ತು ಮುಗಿಸಿಕೊಡುತ್ತಾನಂತೆ. ಅವನ ಶನಿವಾರ ಯಾವ ಶನಿವಾರವೋ ನೋಡಬೇಕು. ಮುಗಿದರೆ ಆ ಇಬ್ಬರು ಹುಡುಗಿಯರು ಮೇಲೆ ಹೋಗುತ್ತಾರೆ. ಪೆಟ್ಟಿಗೆ ಹುಡುಗಿ ಆಗಲೇ ಟೇಬಲ್ ಟೆನಿಸ್ ಮೇಜಿಗೆ ಹೋಗಿದ್ದಾಳೆ, ಬಲೆಯ ಆಚೆಯವರು ಈಚೆಯವರು ಒಂದೊಂದು ಗೇಣು ಬಿಟ್ಟುಕೊಟ್ಟರಂತೆ. ಪೆಟ್ಟಿಗೆ ಬಿಚ್ಚಿದ್ದಾಳೆ. ಒಳಗಿನಿಂದ ಬಂದದ್ದು ನೋಡಿದರೆ ಅರ್ಧ ಪೆಟ್ಟಿಗೆ ಬರೀ ದಿಂಬು.

ಹೊಟ್ಟೆ ತುಂಬ ತಿನ್ನು. ಕಿವಿಗೆ ಬಟ್ಟೆ ಕಟ್ಟಿಕೊಂಡಾದರೂ ನಿದ್ದೆ ಮಾಡು. ಓದು ಕೈ ಹಿಡಿಯಲಿ, ಆ ಏಳು ಮಂದಿಯಲ್ಲಿ ಒಬ್ಬಳಾದರೂ ನಿನಗೆ ಗೆಳತಿಯಾಗಲಿ, ಎಲ್ಲಿದ್ದರೂ ನಿನ್ನ ಕಾಲು ಚಾಚುವಷ್ಟು ಜಾಗ ನಿನಗೆ ಸಿಗಲಿ ಅಂತ ಹರಸುವ

ನಿನ್ನ ಅಮ್ಮ

ಮರೆತಿದ್ದು: ಮರೆತಿಲ್ಲ. ಹೇಳುವ ಧೈರ್ಯ ಬರಲಿ ಅಂತ ಕಾದಿದ್ದೆ. ಗೋಡೆಯ ಗೀಟುಗಳ ಲೆಕ್ಕ ಹೇಳಿದೆನಲ್ಲ, ಎಲ್ಲಕ್ಕಿಂತ ಮೇಲಿನ ಸಾಲು ಹೇಳಲಿಲ್ಲ. ನನ್ನ ಕಣ್ಣಿನ ಎತ್ತರದಲ್ಲಿದೆ ಅದು. ಗೀಟಿಲ್ಲ, ಬರಹ ಮಾತ್ರ. "ಈ ವರ್ಷ: ಮೂವರು. ನಾನಿನ್ನೂ ಹೊರಟಿಲ್ಲ."

ಗೇಟಿನಿಂದ ವಾಪಸು ಓಡಿದ್ದು ಇದಕ್ಕೆ ಅಂತ ಈಗ ಗೊತ್ತಾಯಿತು. ನೀನು ಹೊರಡುವ ಹಿಂದಿನ ವಾರ ನಾನು ಮಾತು ಕೊಟ್ಟಿದ್ದೆ: ಈ ಸಲ ಒಳಕೋಣೆಗೆ ಬೀಗ ಹಾಕುತ್ತೇನೆ, ನೀನು ಬಂದು ತೆಗೆಯುವ ತನಕ ಯಾರನ್ನೂ ಬಿಡುವುದಿಲ್ಲ ಅಂತ. ಆ ಬೆಳಿಗ್ಗೆ ಏಳು ಗಂಟೆಗೇ ಮೂವರು ಹುಡುಗಿಯರು ಪೆಟ್ಟಿಗೆಗಳ ಮೇಲೆ ಕೂತು ಅಳುತ್ತಿದ್ದರು. ಹಲಗೆಯಲ್ಲಿ ಒಳಕೋಣೆಯ ಮೂರು ಮೊಳೆ ಖಾಲಿ ಇತ್ತು. ಕೈ ತಾನಾಗಿ ಹೋಯಿತು ಪುಟ್ಟಿ. ನೀನು ಒಳಗೆ ತಲೆ ಬಾಚಿಕೊಳ್ಳುತ್ತಿದ್ದೀಯ ಅಂದುಕೊಂಡಿದ್ದೆ. ಮೂರನೇ ಬಿಲ್ಲೆ ಹಾಕಿ ತಿರುಗಿದರೆ ನೀನು ಬಾಚಣಿಗೆ ಹಿಡಿದು ಆಫೀಸಿನ ಬಾಗಿಲಲ್ಲಿ ನಿಂತಿದ್ದೆ. ನೀನು ಹಲಗೆ ನೋಡಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಇಷ್ಟು ದಿನವೂ ಹೇಳಿಕೊಂಡೆ. ಕೋಣೆ ಖಾಲಿ ಇದೆಯಾ ಅಂತ ನೀನು ಕೇಳಿದ್ದು ಗೊತ್ತಿಲ್ಲದೆ ಅಲ್ಲ. ನಾನು ನಿಜ ಹೇಳುತ್ತೇನಾ ಅಂತ ನೋಡೋಕೆ.

ಬೆಳ್ಳಿ ಕಾಗದದ ಬಿಲ್ಲೆಗಾಗಿ ಡ್ರಾಯರೆಲ್ಲ ತಲೆಕೆಳಗು ಮಾಡಿದೆ. ಸಿಗಲಿಲ್ಲ. ಯಾವಾಗಲೋ ಎಸೆದಿರಬೇಕು, ಯಾವಾಗ ಅಂತಲೂ ನೆನಪಿಲ್ಲ.

ನಿಜ ಹೇಳು ಅಂದೆಯಲ್ಲ, ನಿಜ ಇದು: ಕೋಣೆ ಇವತ್ತಿಗೆ ಖಾಲಿ ಇಲ್ಲ. ಶನಿವಾರಕ್ಕೆ ಆಗಬಹುದು, ಆಗದೆಯೂ ಇರಬಹುದು. ಆಗದಿದ್ದರೆ ನೀನು ನನ್ನ ಮಂಚದಲ್ಲಿ ಒಬ್ಬಳೇ ಮಲಗು, ನಾನು ಆಫೀಸಿನ ಬೆಂಚಿಗೆ ಹೋಗುತ್ತೇನೆ, ಬಾಗಿಲು ಹಾಕಿಕೋ. ರಜೆಗೂ ಬರೋದಿಲ್ಲ ಅನ್ನಬೇಡ. ನಿನ್ನ ಸಾಲಿನ ಕೆಳಗೆ ನಾನೂ ಗೀಟು ಎಳೆಯೋಕೆ ಶುರುಮಾಡಿದ್ದೇನೆ, ನೀನು ಹೋದ ದಿನದಿಂದ ಲೆಕ್ಕ ಹಿಡಿದು. ಇವತ್ತಿಗೆ ಹತ್ತೊಂಬತ್ತು. ಬಾಗಿಲು ಹಾಕಿಕೊಂಡೇ ಎಳೆದೆ.